ಮಿಕ್ಕ ಟರ್ಕಿ, ಸಿಕ್ಕ ಮಾತು

ಡಿಸೆಂಬರ್ ಕೊನೆಯ ವಾರ. ಮಕ್ಕಳಿಗೆ ಬೇಸಿಗೆ ರಜೆ, ಒನೆಹುಂಗಾದಲ್ಲಿ ಪೊಹುಟುಕಾವಾ ಕೆಂಪಗೆ ಅರಳುವ ಕಾಲ. ಇಲ್ಲಿನ ಕ್ರಿಸ್‌ಮಸ್ ಊಟಕ್ಕೆ ಹ್ಯಾಮ್, ಕುರಿಮಾಂಸವೇ ಹೆಚ್ಚು. ಆದರೂ ಈ ಸಲ ನಿಮ್ಮ ಮನೆಗೆ ಟರ್ಕಿ ಕೋಳಿ ಬರುವುದಿದ್ದರೆ ಈ ಅಂಕಣ ನಿಮಗೆ.

ಎಂಟು ಜನಕ್ಕೆ 4 ಕೆಜಿ ಹಕ್ಕಿ ಸಾಕು. ಫ್ರೋಜನ್ ಆಗಿದ್ದರೆ ಎರಡು ದಿನ ಮೊದಲೇ ತಟ್ಟೆಯಲ್ಲಿಟ್ಟು ಫ್ರಿಜ್‌ನ ಕೆಳಗಿನ ಅರೆಗೆ ಹಾಕಿ. ನಲ್ಲಿಯ ಕೆಳಗೆ ತೊಳೆಯಬೇಡಿ. ಸಿಡಿಯುವ ನೀರಿನಲ್ಲಿ ಬ್ಯಾಕ್ಟೀರಿಯಾ ಸಿಂಕ್ ಸುತ್ತ ಹರಡುತ್ತದೆ. ಬೆಣ್ಣೆಗೆ ಕುಟ್ಟಿದ ಕಾಳುಮೆಣಸು, ಬೆಳ್ಳುಳ್ಳಿ, ಉಪ್ಪು ಕಲಸಿ ಎದೆಭಾಗದ ಚರ್ಮದ ಕೆಳಗೆ ಸವರಿ. ಓವನ್ 170 ಡಿಗ್ರಿಯಲ್ಲಿರಲಿ, ಸುಮಾರು ಮೂರು ಗಂಟೆ ಬೇಕು. ಎದೆಭಾಗ ಬೇಗ ಒಣಗುವುದರಿಂದ ಮೊದಲ ಎರಡು ಗಂಟೆ ಫಾಯಿಲ್ ಮುಚ್ಚಿ. ತೊಡೆಯ ದಪ್ಪ ಭಾಗದೊಳಗೆ 75 ಡಿಗ್ರಿ ಮುಟ್ಟಿದರೆ ಬೆಂದಿದೆ ಎಂದರ್ಥ. ಇಪ್ಪತ್ತು ನಿಮಿಷ ಬಿಟ್ಟು ಕತ್ತರಿಸಿ.

ಊಟವಾದ ಮೇಲೆ ಹರಟುತ್ತ ಕೂತುಬಿಡಬೇಡಿ. ಇದು ಬೇಸಿಗೆ. ಎರಡು ಗಂಟೆಯೊಳಗೆ ಮಿಕ್ಕಿದ್ದನ್ನು ಸಣ್ಣ ಡಬ್ಬಿಗಳಲ್ಲಿ ಫ್ರಿಜ್‌ಗೆ ಸೇರಿಸಿ, ಎರಡು ದಿನದೊಳಗೆ ಮುಗಿಸಿ. ಹೆಚ್ಚಾದದ್ದು ಫ್ರೀಜರ್‌ಗೆ.

ಮರುದಿನದ ಸಾರು

ಹೋಳಿಗೆಗೆ ಬೇಯಿಸಿದ ಬೇಳೆಯ ಕಟ್ಟನ್ನೂ ಚೆಲ್ಲದೆ ಒಬ್ಬಟ್ಟಿನ ಸಾರು ಮಾಡಿದವರು ನಾವು. ಟರ್ಕಿಯ ಮೂಳೆಯನ್ನು ಬಿಸಾಡುವುದುಂಟೇ? ಮೂಳೆಗಳು ಮುಳುಗುವಷ್ಟು ನೀರಿಗೆ ಈರುಳ್ಳಿ, ಶುಂಠಿ ಹಾಕಿ ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ ಕುದಿಸಿ ಸೋಸಿ. ಎರಡು ಚಮಚ ಧನಿಯಾ, ಒಂದು ಚಮಚ ಕಾಳುಮೆಣಸು, ನಾಲ್ಕು ಒಣಮೆಣಸಿನಕಾಯಿ, ಈರುಳ್ಳಿ, ಬೆಳ್ಳುಳ್ಳಿ, ಸ್ವಲ್ಪ ಕೊಬ್ಬರಿ ಹುರಿದು ರುಬ್ಬಿ, ಸೋಸಿದ ನೀರಿಗೆ ಸೇರಿಸಿ ಕುದಿಸಿ. ಮಾಂಸವನ್ನು ಕೊನೆಗೆ ಹಾಕಿ, ಒಳಗೆಲ್ಲ ಹಬೆಯಾಡುವಷ್ಟು ಬಿಸಿ ಮಾಡಿ ಇಳಿಸಿ; ಹೆಚ್ಚು ಹೊತ್ತು ಕುದಿದರೆ ನಾರಾಗುತ್ತದೆ. ಬಿಸಿ ಮುದ್ದೆಯಿದ್ದರೆ ಇನ್ನೇನು ಬೇಕು? ಒಮ್ಮೆ ಬಿಸಿ ಮಾಡಿದ್ದನ್ನು ಮತ್ತೆ ಬಿಸಿ ಮಾಡುವುದು ಬೇಡ.

ಮಕ್ಕಳ ಕೈಗೆ ಕೊಡಿ

ಹಬ್ಬದ ದಿನದ ಗಡಿಬಿಡಿಯಲ್ಲಿ ಮಕ್ಕಳನ್ನು ಅಡುಗೆಮನೆಯಿಂದ ಆಚೆ ಕಳಿಸುತ್ತೇವೆ. ಮರುದಿನ, ಬಾಕ್ಸಿಂಗ್ ಡೇ, ಯಾರಿಗೂ ಅವಸರವಿಲ್ಲ. ಕನ್ನಡಕ್ಕೆ ಆ ದಿನವೇ ಒಳ್ಳೆಯದು.

ನಮ್ಮ ಮಕ್ಕಳ ಕನ್ನಡವನ್ನು ಒಮ್ಮೆ ಗಮನವಿಟ್ಟು ಕೇಳಿ. ಕಟ್ ಮಾಡು, ಫ್ರೈ ಮಾಡು, ಮಿಕ್ಸ್ ಮಾಡು. 'ಮಾಡು' ಒಂದೇ ಎಲ್ಲ ಕೆಲಸವನ್ನೂ ಹೊತ್ತಿದೆ. ಅವರು ಕಲಿತದ್ದು ನಮ್ಮಿಂದಲೇ. ಆದರೆ ಅಡುಗೆಯ ಕನ್ನಡದಲ್ಲಿ ಕೈಯ ಒಂದೊಂದು ಕೆಲಸಕ್ಕೂ ಒಂದು ಮಾತಿದೆ: ಮೂಳೆಯಿಂದ ಮಾಂಸ ಬಿಡಿಸು, ಎಳೆಯಾಗಿ ಸೀಳು, ಈರುಳ್ಳಿ ಹೆಚ್ಚು, ಮೆಣಸು ಕುಟ್ಟು, ಕೊಬ್ಬರಿ ತುರಿ, ಮಸಾಲೆ ಹುರಿ. ಐದು ವರ್ಷದ ಮಗು ಬಿಡಿಸಬಲ್ಲದು, ಹತ್ತು ವರ್ಷದ್ದು ಹೆಚ್ಚಬಲ್ಲದು.

ಪಾಠ ಮಾಡಬೇಡಿ, ತಿದ್ದಬೇಡಿ. "ಅಮ್ಮಾ, ಇದನ್ನ ಕಟ್ ಮಾಡ್ಲಾ?" ಎಂದರೆ "ಹೂಂ ಪುಟ್ಟ, ಸಣ್ಣಗೆ ಹೆಚ್ಚು" ಅನ್ನಿ, ಅಷ್ಟೇ. ಕೆಲಸ ಮುಗಿಯುವಷ್ಟರಲ್ಲಿ ಆ ಮಾತು ಹತ್ತು ಸಲ ಕಿವಿಗೆ ಬಿದ್ದಿರುತ್ತದೆ. ಕೂಮರಾ ಬೇಯಿಸಿದ್ದರೆ ಅದನ್ನೂ ಬಿಡಬೇಡಿ: ಮಾವೋರಿಯಲ್ಲಿ ಕೂಮರಾ, ಇಂಗ್ಲಿಷಿನಲ್ಲಿ ಸ್ವೀಟ್ ಪೊಟೇಟೊ, ನಮ್ಮಲ್ಲಿ ಗೆಣಸು. ಮಾಂಸ ತಿನ್ನದ ಮನೆಯವರು ಮಿಕ್ಕ ಗೆಣಸು, ಕುಂಬಳಕಾಯಿಯಿಂದಲೇ ಪಲ್ಯ ಮಾಡಿ. ಹೆಚ್ಚುವುದು, ಹುರಿಯುವುದು ಅಲ್ಲೂ ಇದೆ.

ಸಂಜೆ ಆರಕ್ಕೆ ಊರಿಗೆ ಫೋನ್ ಮಾಡಿ. ಅಲ್ಲಿ ಆಗ ಬೆಳಗ್ಗೆ ಹತ್ತೂವರೆ, ಅಜ್ಜಿಗೆ ಬಿಡುವಿನ ಹೊತ್ತು. "ಊಟ ಆಯ್ತಾ?", "ಆಯ್ತು" ಎಂಬಲ್ಲಿಗೆ ನಿಲ್ಲುತ್ತಿದ್ದ ಮಾತಿಗೆ ಇವತ್ತು ಹೇಳಲು ವಿಷಯವಿದೆ. ಸಾರು ಹೇಗೆ ಮಾಡಿದ್ದು ಎಂದು ಅಜ್ಜಿ ಕೇಳಲಿ. ಉತ್ತರಕ್ಕೆ "ಬಿಡಿಸಿದೆ, ಹೆಚ್ಚಿದೆ, ಕುದಿಸಿದೆ" ಎಲ್ಲ ಬೇಕಾಗುತ್ತದೆ. ಮಗು ತಡವರಿಸಿದಾಗ ಮಧ್ಯೆ ಬಾಯಿ ಹಾಕಬೇಡಿ, ಕಾಯಿರಿ. ಅರ್ಥವಾಗುತ್ತದೆ, ಆದರೆ ಮಾತಾಡುವುದಿಲ್ಲ ಎಂದು ನಾವು ಕೊರಗುವ ಮಕ್ಕಳಿಗೆ ಬೇಕಿರುವುದು ಹೇಳಿಕೊಳ್ಳಲು ತಮ್ಮದೇ ಒಂದು ಸಂಗತಿ, ಮತ್ತು ಅದನ್ನು ಕೇಳಲು ಕನ್ನಡ ಮಾತ್ರ ಬಲ್ಲ ಒಬ್ಬರು.