ಮಣ್ಣು ಗಲೀಜಲ್ಲ, ಮಗುವನ್ನು ಹೊರಗೆ ಬಿಡಿ

ನಿಮ್ಮ ಮಗು ಕಡೆಯ ಸಲ ಮಣ್ಣಿನಲ್ಲಿ ಕೂತು ಆಡಿದ್ದು ಯಾವಾಗ? ಸ್ವಲ್ಪ ನೆನಪಿಸಿಕೊಳ್ಳಿ.

ನಮ್ಮ ಗೋಪಾಳದ ಬೀದಿಯಲ್ಲಿ ಸಂಜೆ ನಾಲ್ಕೂವರೆಗೆ ಶಾಲೆಯ ವ್ಯಾನು ಬಂದು ನಿಲ್ಲುತ್ತದೆ. ಮಗು ಇಳಿದು ಗೇಟಿನೊಳಗೆ ಹೋದರೆ ಮುಗಿಯಿತು. ಅಂಗಳಕ್ಕೆ ಟೈಲ್ಸ್ ಹಾಕಿಸಿದ್ದೇವೆ. ಅಸರ್ ಆದ ಮೇಲೆ ಅರಬಿ ಪಾಠ, ಮಗ್ರಿಬ್ ಆದ ಮೇಲೆ ಟ್ಯೂಷನ್, ಉಳಿದ ಹೊತ್ತು ಮೊಬೈಲು. ಮೂರ್ನಾಲ್ಕು ವರ್ಷದ ಪುಟ್ಟ ಮಕ್ಕಳಿಗೆ ಪಾಠ ಟ್ಯೂಷನ್ ಇಲ್ಲದಿದ್ದರೂ ಹೊರಗೆ ಬಿಡುವವರಿಲ್ಲ. ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಬಟ್ಟೆ ಗಲೀಜಾಗುತ್ತೆ, ಕಾಯಿಲೆ ಬರುತ್ತೆ."

ನಾನೂ ಹಾಗೇ ಹೇಳುತ್ತಿದ್ದವಳು. ಕಳೆದ ಮಳೆಗಾಲದಲ್ಲಿ ಮೂರೂವರೆ ವರ್ಷದ ಮೊಮ್ಮಗಳು ಗೇಟಿನ ಪಕ್ಕ ಎರೆಹುಳು ನೋಡುತ್ತಾ ಕುಕ್ಕರಗಾಲಲ್ಲಿ ಕೂತಿದ್ದಳು. "ಛೀ, ಗಲೀಜು, ಎದ್ದೇಳು" ಎಂದು ಗದರಿದೆ. ಅವಳು ಎರಡೂ ಕೈ ನೋಡಿಕೊಂಡು ಕೇಳಿದಳು: "ದಾದಿ, ಮಣ್ಣು ಗಲೀಜಾ?"

ಉತ್ತರ ಹೇಳಲಾಗಲಿಲ್ಲ. ನೀರು ಸಿಗದಿದ್ದಾಗ ನಾವು ತಯಮ್ಮುಮ್ ಮಾಡುವುದು ಯಾವುದರಿಂದ? ಶುದ್ಧ ಮಣ್ಣಿನಿಂದಲೇ ಅಲ್ಲವೇ? ಅಲ್ಲಾಹನು ಶುದ್ಧಿಗೆ ಸಾಧನವಾಗಿಸಿದ್ದನ್ನು ನಾವು ಮಕ್ಕಳಿಗೆ ಗಲೀಜು ಎಂದು ಕಲಿಸುತ್ತಿದ್ದೇವೆ. ಚರಂಡಿ ನೀರು, ಮಲಮೂತ್ರ, ಕೊಳೆತ ಕಸ ಗಲೀಜು. ಅದರಿಂದ ಮಗುವನ್ನು ದೂರ ಇಡಲೇಬೇಕು. ಆದರೆ ಮರದ ಬುಡದ ಮಣ್ಣು, ಒದ್ದೆ ಎಲೆ, ಹುಲ್ಲು ಗಲೀಜಲ್ಲ. ಈ ವ್ಯತ್ಯಾಸ ಮರೆತದ್ದೇ ನಮ್ಮ ತಪ್ಪು.

ಡೆನ್ಮಾರ್ಕ್, ಜರ್ಮನಿಯಂಥ ದೇಶಗಳಲ್ಲಿ ಕಾಡಿನ ಶಿಶುವಿಹಾರಗಳಿವೆ. ಜರ್ಮನಿಯಲ್ಲಿ ಇಂಥದ್ದಕ್ಕೆ ಮೊದಲ ಸರ್ಕಾರಿ ಮಾನ್ಯತೆ ಸಿಕ್ಕಿದ್ದು 1993ರಲ್ಲಿ, ಫ್ಲೆನ್ಸ್‌ಬರ್ಗ್ ಊರಿನಲ್ಲಿ. ಮಳೆಯಿರಲಿ ಚಳಿಯಿರಲಿ, ಮೂರರಿಂದ ಆರು ವರ್ಷದ ಮಕ್ಕಳು ದಿನದ ಬಹುಪಾಲು ಮರಗಳ ನಡುವೆಯೇ ಇರುತ್ತಾರೆ. ಏನು ಆಡಬೇಕೆಂದು ಟೀಚರ್ ಹೇಳುವುದಿಲ್ಲ, ಮಗುವೇ ಆರಿಸಿಕೊಳ್ಳುತ್ತದೆ. ಕೋಲು, ಕಲ್ಲು, ಕಾಯಿಗಳೇ ಆಟಿಕೆ. ದೊಡ್ಡವರ ಕೆಲಸ ಕಣ್ಣಿಟ್ಟಿರುವುದು, ಕೇಳಿದ್ದಕ್ಕೆ ಉತ್ತರಿಸುವುದು. ಇದು ನಮಗೆ ತೀರಾ ಹೊಸತೂ ಅಲ್ಲ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟದ ಮೂಲಕ, ಬಯಲಿನಲ್ಲಿ ಕಲಿಸುವ ಪ್ರಯೋಗವನ್ನು 1930ರ ದಶಕದಲ್ಲೇ ಮಾಡಿದ್ದರು.

ಇದರಿಂದ ಆರೋಗ್ಯಕ್ಕೇನು ಲಾಭ? ಮೂರು, ನಾಲ್ಕು ವರ್ಷದ ಮಗು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು, ಅದರಲ್ಲಿ 60 ನಿಮಿಷ ಚೆನ್ನಾಗಿ ಓಡಿ ಕುಣಿಯಬೇಕು, ಪರದೆಯ ಮುಂದೆ ಒಂದು ಗಂಟೆಗಿಂತ ಹೆಚ್ಚು ಕೂರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟು ಮೂರು ವರ್ಷ ನೋಡಿದರು. ಎಂದಿನಂತೆ ಇದ್ದ ಶಾಲೆಗಳಲ್ಲಿ ನೂರಕ್ಕೆ ಸುಮಾರು 40 ಮಕ್ಕಳಿಗೆ ಸಮೀಪದೃಷ್ಟಿ ದೋಷ ಬಂದರೆ, ಹೊರಗೆ ಬಿಟ್ಟ ಶಾಲೆಗಳಲ್ಲಿ ಬಂದದ್ದು ಸುಮಾರು 30 ಮಕ್ಕಳಿಗೆ. ಫಿನ್ಲೆಂಡಿನಲ್ಲಿ ಶಿಶುವಿಹಾರದ ಅಂಗಳಕ್ಕೆ ಕಾಡಿನ ಮಣ್ಣು, ಹುಲ್ಲು ತಂದು ಹಾಸಿದಾಗ, 28 ದಿನಗಳಲ್ಲೇ ಮಕ್ಕಳ ರಕ್ತದಲ್ಲಿ ರೋಗನಿರೋಧಕ ವ್ಯವಸ್ಥೆಯ ಒಳ್ಳೆಯ ಬದಲಾವಣೆಗಳು ಕಂಡವು.

ಹಾಗೆಂದು ಎಚ್ಚರ ಬಿಡುವಂತಿಲ್ಲ. ಮಲ ಸೇರಿದ ಮಣ್ಣಿನಿಂದ ಕೊಕ್ಕೆಹುಳು ಬರಿಗಾಲಿನ ಚರ್ಮದ ಮೂಲಕ ಒಳಹೋಗುತ್ತದೆ. ಜಾಗ ಹೇಗಿದೆಯೋ ಗೊತ್ತಿಲ್ಲದ ಕಡೆ ಚಪ್ಪಲಿ ಹಾಕಿಸಿ. ಉಗುರು ವಾರವಾರ ಕತ್ತರಿಸಿ. ಆಟ ಮುಗಿದೊಡನೆ ಸೋಪಿನಿಂದ ಕೈ ತೊಳೆಸಿ, ಆಮೇಲಷ್ಟೇ ತಿಂಡಿ. ಅಂಗನವಾಡಿ, ಶಾಲೆಗಳಲ್ಲಿ ಕೊಡುವ ಜಂತುಹುಳು ಮಾತ್ರೆಯನ್ನು ತಪ್ಪಿಸಬೇಡಿ. ಗುಲಗಂಜಿ, ಕಣಗಿಲೆ ವಿಷ. ಅವುಗಳನ್ನು ಮಗುವಿಗೆ ತೋರಿಸಿ, ಮುಟ್ಟಬಾರದೆಂದು ಕಲಿಸಿ. ನಮ್ಮ ಜಿಲ್ಲೆಯವರಿಗೆ ಇನ್ನೊಂದು ಮಾತು: 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಇದೆ. ಡಿಸೆಂಬರಿನಿಂದ ಮೇವರೆಗೆ ಉಣುಗುಗಳ ಕಾಟ ಹೆಚ್ಚು. ಆ ತಿಂಗಳುಗಳಲ್ಲಿ ಮಕ್ಕಳನ್ನು ಕಾಡಿಗೆ ಕರೆದೊಯ್ಯಬೇಡಿ. ಮಂಗ ಸತ್ತದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ.

ಹೊರಗಿನ ಆಟಕ್ಕೆ ಕಾಡೇ ಬೇಕೆಂದಿಲ್ಲ. ಮನೆ ಹತ್ತಿರದ ಪಾರ್ಕು ಸಾಕು, ಒಂದು ಮರವಿರುವ ಖಾಲಿ ಜಾಗ ಸಾಕು. ಭಾನುವಾರ ಗಾಂಧಿ ಪಾರ್ಕಿಗೆ ಹೋಗಿ. ಹೋದಮೇಲೆ ಜಾರುಬಂಡೆಯ ಸಾಲಿನಲ್ಲೇ ನಿಲ್ಲಿಸಬೇಡಿ. ಮರದ ಕೆಳಗೆ ಬಿಟ್ಟು ನೀವು ಹತ್ತಿರ ಕೂತಿರಿ. "ಬೀಳ್ತೀಯಾ", "ಮುಟ್ಟಬೇಡ" ಎನ್ನುವ ಮೊದಲು ಹತ್ತು ಎಣಿಸಿ. ನಿಜವಾದ ಅಪಾಯವಿದ್ದರೆ ಮಾತ್ರ ಎದ್ದೇಳಿ.

ಕೊನೆಗೆ, ಹಿರಿಯರಲ್ಲಿ ಮತ್ತು ಮಸೀದಿ ಕಮಿಟಿಯವರಲ್ಲಿ ಒಂದು ವಿನಂತಿ. ಕತ್ತಲಾಗುವಾಗ ಮಕ್ಕಳನ್ನು ಒಳಗೆ ಕರೆದುಕೊಳ್ಳಿ ಎಂಬುದು ಪ್ರವಾದಿ(ಸ)ರ ಸೂಚನೆ. ಒಳಗೆ ಕರೆದುಕೊಳ್ಳಬೇಕಾದರೆ ಅವರು ಅಲ್ಲಿಯವರೆಗೆ ಹೊರಗೆ ಇರಬೇಕಲ್ಲವೇ? ಶಾಲೆಯ ದಿನ ಮಗುವಿಗೆ ಬಿಸಿಲು ಸಿಗುವುದು ಅಸರ್‌ನಿಂದ ಮಗ್ರಿಬ್‌ವರೆಗಿನ ಆ ಹೊತ್ತಿನಲ್ಲಿ ಮಾತ್ರ. ಅರಬಿ ಪಾಠವನ್ನು ಮಗ್ರಿಬ್ ನಂತರಕ್ಕೆ ಇಡಲಾಗದೇ? ಅದಾಗದಿದ್ದರೆ ಮೊದಲ ಅರ್ಧ ಗಂಟೆಯನ್ನಾದರೂ ಆಟಕ್ಕೆ ಬಿಡಲಾಗದೇ? ಆಡಿ ದಣಿದು ಬಂದ ಮಗು ಪಾಠಕ್ಕೆ ಮನಸ್ಸಿಟ್ಟು ಕೂರುತ್ತದೆ. ಹೆಣ್ಣುಮಕ್ಕಳನ್ನೂ ಮರೆಯಬೇಡಿ. ಗಂಡುಮಕ್ಕಳು ಹೇಗೋ ಗಲ್ಲಿಗೆ ಓಡಿಬಿಡುತ್ತಾರೆ. ಬಾಗಿಲಲ್ಲಿ ನಿಂತು ನೋಡುತ್ತಾ ಉಳಿಯುವವರು ನಮ್ಮ ಹುಡುಗಿಯರು. ಮೂಳೆಗೆ ಬಿಸಿಲು ಅವರಿಗೂ ಬೇಕು.

ಮೊಮ್ಮಗಳಿಗೆ ನಾನು ಮರುದಿನ ಉತ್ತರ ಕೊಟ್ಟೆ: "ಮಣ್ಣು ಗಲೀಜಲ್ಲ ಬೇಟಿ. ಆಡು, ಆಮೇಲೆ ಕೈ ತೊಳೆದುಕೊಂಡು ಬಾ." ನಿಮ್ಮ ಮನೆಯ ಮಗುವಿಗೂ ಇವತ್ತು ಸಂಜೆ ಅಷ್ಟು ಹೇಳಿ.