ಕಚ್ಚಾ ಕೈದಿಯ ದಿನಗಳ ಲೆಕ್ಕ

ಒಂದೇ ಕಳವಿನ ಖಟ್ಲೆಯಲ್ಲಿ ಇಬ್ಬರು ಆರೋಪಿಗಳಿದ್ದಾರೆನ್ನೋಣ. ಒಬ್ಬನಿಗೆ ಜಾಮೀನು ನಿಲ್ಲುವ ಬಂಧುಗಳಿದ್ದಾರೆ. ಅವನು ಮನೆಯಲ್ಲಿದ್ದುಕೊಂಡೇ ವಿಚಾರಣೆಗೆ ಹೋಗಿಬರುತ್ತಾನೆ. ಇನ್ನೊಬ್ಬನಿಗೆ ಅಂಥವರಾರೂ ಇಲ್ಲ. ಅವನು ಹತ್ತು ತಿಂಗಳು ತುರುಂಗದಲ್ಲಿ ಕೂಡ್ರುತ್ತಾನೆ. ಕೊನೆಗೆ ಇಬ್ಬರಿಗೂ ಒಂದೊಂದು ವರ್ಷದ ಸಜೆಯಾಗುವದು. ಮೊದಲಿನವನು ಹನ್ನೆರಡು ತಿಂಗಳಲ್ಲಿ ಋಣಮುಕ್ತನು. ಎರಡನೆಯವನಿಗೆ ಇಪ್ಪತ್ತೆರಡು ತಿಂಗಳು. ಅಪರಾಧ ಒಂದೇ, ತೀರ್ಪು ಒಂದೇ. ಹೆಚ್ಚಿನ ಹತ್ತು ತಿಂಗಳು ಬಡತನಕ್ಕಾಗಿ ತೆತ್ತ ದಂಡವಲ್ಲದೆ ಮತ್ತೇನು?

1898ರ ಫೌಜದಾರಿ ಕಾಯದೆಯು ಈ ಹತ್ತು ತಿಂಗಳಿಗೆ ಲೆಕ್ಕವನ್ನೇ ಇಟ್ಟಿರಲಿಲ್ಲ. ನ್ಯಾಯಾಧೀಶರು ಮನಸ್ಸು ಮಾಡಿದರೆ ಸಜೆಯನ್ನು ಇಳಿಸಬಹುದಾಗಿತ್ತು, ಅಷ್ಟೆ. 1974ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದ ಸಂಹಿತೆಯ 428ನೆಯ ಕಲಮು, ಸಾಲಗಾರನು ಮೊದಲೇ ಕೊಟ್ಟ ಹಣವನ್ನು ಮುಜರೆ ಹಿಡಿಯುವಂತೆ, ವಿಚಾರಣೆಯ ಕಾಲದ ಸೆರೆಯನ್ನು ಸಜೆಯಲ್ಲಿ ಮುಜರೆ ಹಿಡಿಯಲು ವಿಧಿಸಿತು. ದಯೆಯಾಗಿದ್ದುದು ಹಕ್ಕಾಯಿತು. ಜೀವಾವಧಿ ಸಜೆಗೆ ಇಂತಿಷ್ಟೆಂಬ ಅವಧಿಯಿಲ್ಲವಾದುದರಿಂದ ಅದಕ್ಕೆ ಈ ಹಕ್ಕು ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 1982ರಲ್ಲಿ ಹೇಳಿತ್ತು. 1985ರಲ್ಲಿ ಸಂವಿಧಾನಪೀಠವೇ ಆ ಮಾತನ್ನು ತಿದ್ದಿತು. 2024ನೆಯ ಜುಲೈ 1ರಿಂದ ನಡೆದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 468ನೆಯ ಕಲಮಿನಲ್ಲಿ ಈ ನಿಯಮವು ಉಳಿದುಬಂದಿದೆ.

ಇಷ್ಟಕ್ಕೆ ತೃಪ್ತರಾಗಲು ನಮ್ಮಿಂದಾಗದು. ದಂಡದ ಹಣ ಕೊಡದ್ದಕ್ಕಾಗಿ ಅನುಭವಿಸುವ ಸೆರೆಗೆ ಮುಜರೆಯಿಲ್ಲವೆಂದು 1978ರ ತಿದ್ದುಪಡಿಯು ಸಾರಿತು. ಜಾಮೀನಿಗೆ ಗತಿಯಿಲ್ಲದವನೇ ದಂಡಕ್ಕೂ ಗತಿಯಿಲ್ಲದವನೆಂಬದು ಕಾಯದೆ ಬರೆದವರಿಗೆ ಹೊಳೆಯಲಿಲ್ಲವೋ, ಹೊಳೆದೂ ಬಿಟ್ಟರೋ!

ಇದಕ್ಕಿಂತಲೂ ಗಹನವಾದ ಕೇಡು ಇನ್ನೊಂದಿದೆ. ಸಣ್ಣ ಆರೋಪದ ಮೇಲೆ ಎಂಟು ತಿಂಗಳು ಒಳಗಿದ್ದವನಿಗೆ, ‘ತಪ್ಪೊಪ್ಪಿಕೊಂಡರೆ ಇದ್ದಷ್ಟು ದಿನಗಳೇ ಸಜೆಯಾಗಿ ಇಂದೇ ಮನೆಗೆ ಹೋಗುವಿ, ನಿರಪರಾಧಿಯೆಂದು ಹಟ ಹಿಡಿದರೆ ವಿಚಾರಣೆ ಮುಗಿಯುವ ವರೆಗೂ ಇಲ್ಲಿಯೇ’ ಎಂಬ ಸ್ಥಿತಿಯೊದಗುವದು. ಹೆಂಡಿರು ಮಕ್ಕಳ ನೆನಪಾದ ಬಡವನು ಏನು ಮಾಡಬೇಕು? ಮಾಡದ ತಪ್ಪನ್ನಾದರೂ ಒಪ್ಪಿ ಹೊರಬೀಳುವನು. ಕಳ್ಳನೆಂಬ ಹೆಸರು ಮಾತ್ರ ಜನ್ಮಕ್ಕೆ ಅಂಟುವದು. ಮುಜರೆಯು ನ್ಯಾಯವೇ ಸರಿ, ಆದರೆ ದೀರ್ಘ ಸೆರೆಯೊಡನೆ ಅದು ಕೂಡಿದಾಗ ತಪ್ಪೊಪ್ಪಿಗೆಯ ಬಲೆಯಾಗುತ್ತದೆ.

ಹಟ ಹಿಡಿದು ನಿರ್ದೋಷಿಯೆನಿಸಿಕೊಂಡವನ ಪಾಡಾದರೂ ಏನು? ಅವನ ದಿನಗಳನ್ನು ಕಳೆಯಲು ಸಜೆಯೇ ಇಲ್ಲ! ದೋಷಿಗೆ ದೊರೆತಷ್ಟು ಲೆಕ್ಕವೂ ನಿರ್ದೋಷಿಗೆ ದೊರೆಯದು. ಅನ್ಯಾಯವಾಗಿ ಖಟ್ಲೆಗೆ ಗುರಿಯಾದವರಿಗೆ ಪರಿಹಾರ ಕೊಡುವ ಕಾಯದೆ ಬೇಕೆಂದು ಕಾನೂನು ಆಯೋಗವು 2018ರಲ್ಲಿ, ತನ್ನ 277ನೆಯ ವರದಿಯಲ್ಲಿ, ಸೂಚಿಸಿತು.

2022ರ ಕೊನೆಗೆ ದೇಶದ ಸೆರೆಮನೆಗಳಲ್ಲಿದ್ದ 5,73,220 ಜನರಲ್ಲಿ 4,34,302 ಜನರು ಕಚ್ಚಾ ಕೈದಿಗಳಾಗಿದ್ದರು. ಅಂದರೆ ಮುಕ್ಕಾಲು ಪಾಲು. ಮೊದಲ ಸಲದ ಆರೋಪಿಯು ಗರಿಷ್ಠ ಸಜೆಯ ಮೂರನೆಯ ಒಂದು ಪಾಲನ್ನು ಒಳಗೆ ಕಳೆದರೆ, ಮರಣ ಇಲ್ಲವೆ ಜೀವಾವಧಿಯ ಆರೋಪಗಳನ್ನುಳಿದು, ಅವನನ್ನು ಬಿಡಬೇಕೆಂದು ಹೊಸ ಸಂಹಿತೆಯ 479ನೆಯ ಕಲಮು ಹೇಳುವದು. ಆ ದಿನವನ್ನು ಎಣಿಸುವವರಾರು? ಅಕ್ಷರ ಬಲ್ಲ ಕೈದಿಯೂ ಇಂಗ್ಲಿಷ್ ಕಾಗದವನ್ನು ಓದಲಾರನು. ಸೆರೆ ಸೇರಿದ ದಿನ, ಮುಜರೆಗೆ ಬರುವ ದಿನಗಳು, ಬಿಡುಗಡೆಯ ದಿನ ಇವಿಷ್ಟನ್ನು ಕನ್ನಡದಲ್ಲಿ ಬರೆದ ಒಂದು ಚೀಟಿಯನ್ನು ಕರ್ನಾಟಕದ ಪ್ರತಿಯೊಂದು ಸೆರೆಮನೆಯೂ ಪ್ರತಿಯೊಬ್ಬ ಕೈದಿಯ ಕೈಯಲ್ಲಿ ಪ್ರತಿ ತಿಂಗಳೂ ಕೊಡಬೇಕೆಂದು ನಾವು ಸರಕಾರವನ್ನು ಕೇಳುತ್ತೇವೆ.