ಕುರ್ಚಿಯಲ್ಲಿ ಕೂತವರೇ ರೂಲ್ಸ್ ಬದಲಾಯಿಸಬಹುದಾ?

"ಜನಾನೇ ಮತ್ತೆ ಮತ್ತೆ ಗೆಲ್ಲಿಸ್ತಿದ್ರೆ, ಅಧ್ಯಕ್ಷರಿಗೆ ಎರಡೇ ಅವಧಿ ಅಂತ ಕಾನೂನು ಯಾಕೆ?"

ಈ ಮಾತು ನೀವೂ ಕೇಳಿರ್ತೀರಾ. ಕೇಳೋಕೆ ಸರಿ ಅನ್ಸುತ್ತೆ. ಆದ್ರೆ ಒಂದ್ಸಲ ಮೆಕ್ಸಿಕೋ ಕಥೆ ನೋಡಿ.

1876ರಲ್ಲಿ ಪೊರ್ಫಿರಿಯೊ ದಿಯಾಸ್ ಅನ್ನೋ ಜನರಲ್ ಸರ್ಕಾರದ ವಿರುದ್ಧ ದಂಗೆ ಎದ್ದ. ಅವನ ಘೋಷಣೆ ಏನ್ ಗೊತ್ತಾ? ಮರುಆಯ್ಕೆ ಬೇಡ! ಅಧಿಕಾರ ಸಿಕ್ತು. 1880ರಲ್ಲಿ ಮಾತಿನಂತೆ ಇಳಿದು, ತನ್ನ ಆಪ್ತನನ್ನೇ ಕೂರಿಸಿದ. 1884ರಲ್ಲಿ ವಾಪಸ್ ಬಂದ. ಆಮೇಲೆ ಸಂವಿಧಾನಾನೇ ತಿದ್ದಿಸ್ಕೊಂಡು 1911ರವರೆಗೂ ಕುರ್ಚಿ ಬಿಡಲಿಲ್ಲ. ಚುನಾವಣೆಗಳೇನೋ ನಡೀತಿದ್ವು, ಗೆಲ್ತಿದ್ದಿದ್ದು ಮಾತ್ರ ಅವನೇ. 1910ರಲ್ಲಿ ಎದುರು ನಿಂತ ಮಡೆರೊ ಮತದಾನಕ್ಕೆ ಮೊದಲೇ ಜೈಲು ಸೇರಿದ್ದಾಯ್ತು. ಮಡೆರೊ ಘೋಷಣೆಯಲ್ಲೂ ಇದ್ದಿದ್ದು ಅದೇ ಮಾತು: ಮರುಆಯ್ಕೆ ಬೇಡ!

ಅರ್ಥ ಆಯ್ತಲ್ಲ? ವರ್ಷಗಟ್ಟಲೆ ಕೂತವರ ಕೈಲೇ ಪೊಲೀಸೂ ಇರುತ್ತೆ, ಮತ ಎಣಿಸೋರೂ ಇರ್ತಾರೆ. ಆಗ "ಜನ ಗೆಲ್ಲಿಸಿದ್ರು" ಅನ್ನೋದನ್ನ ಪರೀಕ್ಷಿಸೋದು ಹೇಗೆ?

ಬಿಕಾಂನವರಿಗೆ ಈ ಲಾಜಿಕ್ ಹೊಸದೇನಲ್ಲ. 2013ರ ಕಂಪನಿ ಕಾಯ್ದೆ, ಸೆಕ್ಷನ್ 139 ನೆನಪಿದೆಯಾ? ಲಿಸ್ಟೆಡ್ ಕಂಪನಿಯಲ್ಲಿ ಆಡಿಟ್ ಫರ್ಮ್‌ಗೆ ಸತತ ಎರಡೇ ಅವಧಿ, ಅಂದ್ರೆ 10 ವರ್ಷ. ಆಮೇಲೆ 5 ವರ್ಷ ಗ್ಯಾಪ್. ಆಡಿಟರ್ ಕಳ್ಳ ಅಂತಲ್ಲ. ಸಲಿಗೆ ಬೆಳೆದ್ಮೇಲೆ ತಪ್ಪು ಕಣ್ಣಿಗೆ ಬೀಳಲ್ಲ ಅಂತ. ಅಧ್ಯಕ್ಷರ ಅವಧಿ ಮಿತಿಯೂ ಹಾಗೇ. ಅದು ಆರೋಪ ಅಲ್ಲ, ಮುನ್ನೆಚ್ಚರಿಕೆ.

"ನಮ್ಮ ರಾಷ್ಟ್ರಪತಿಗೆ ಮಿತಿ ಇಲ್ವಲ್ಲ?" ಅಂತೀರಾ. ಹೌದು, 57ನೇ ವಿಧಿ ಮರುಆಯ್ಕೆಗೆ ಅವಕಾಶ ಕೊಡುತ್ತೆ. ಆದ್ರೂ ಎರಡು ಸಲ ಆಯ್ಕೆಯಾದವರು ರಾಜೇಂದ್ರ ಪ್ರಸಾದ್ ಒಬ್ಬರೇ. ನಮ್ಮಲ್ಲಿ ನಿಜವಾದ ಅಧಿಕಾರ ಪ್ರಧಾನಿ ಕೈಲಿ. ಲೋಕಸಭೆಯಲ್ಲಿ ಬಹುಮತ ಹೋದ್ರೆ ಅವರು ಇಳೀಲೇಬೇಕು. ಅಮೆರಿಕ, ಮೆಕ್ಸಿಕೋ ಥರದ ದೇಶಗಳಲ್ಲಿ ಅಧ್ಯಕ್ಷರನ್ನ ಅಷ್ಟು ಸುಲಭವಾಗಿ ಇಳಿಸೋಕಾಗಲ್ಲ. ಅದಕ್ಕೇ ಅಲ್ಲಿ ಮಿತಿ ಬೇಕೇ ಬೇಕು.

ಮಿತಿ ಇದ್ದ ಮಾತ್ರಕ್ಕೆ ಎಲ್ಲ ಸರಿಹೋಗಲ್ಲ, ಒಪ್ತೀನಿ. ಮೆಕ್ಸಿಕೋದಲ್ಲಿ ಈಗ ಅಧ್ಯಕ್ಷರಿಗೆ 6 ವರ್ಷದ ಒಂದೇ ಅವಧಿ. ಆದ್ರೂ ಮುಖ ಬದಲಾಗ್ತಾ, ಒಂದೇ ಪಕ್ಷ 2000ದವರೆಗೂ ಆಳ್ತು.

ಹಾಗಾಗಿ ನಾನು ನೋಡೋದು ಒಂದನ್ನೇ: ರೂಲ್ ಬದಲಾದ್ರೆ ಲಾಭ ಯಾರಿಗೆ? ರೂಸ್‌ವೆಲ್ಟ್ ನಾಲ್ಕು ಸಲ ಗೆದ್ದ ಮೇಲೆ, 1951ರಲ್ಲಿ ಅಮೆರಿಕ ಎರಡೇ ಸಲ ಅಂತ ಕಟ್ಟು ಹಾಕ್ತು. ಆಗ ಕುರ್ಚಿಯಲ್ಲಿದ್ದ ಟ್ರೂಮನ್‌ಗೆ ಅದು ಅನ್ವಯಿಸಲ್ಲ ಅಂತ ತಿದ್ದುಪಡಿಯಲ್ಲೇ ಬರೆದಿತ್ತು. ಅಂದ್ರೆ ಅದು ಒಬ್ಬರನ್ನ ಗುರಿ ಮಾಡಿದ್ದಲ್ಲ. 2020ರಲ್ಲಿ ರಷ್ಯಾ ಮಾಡಿದ್ದು ಉಲ್ಟಾ. ಎರಡೇ ಅವಧಿ ಅಂತ ಬರೆದು, ಪುಟಿನ್ ಆಗಲೇ ಮುಗಿಸಿದ್ದ ಅವಧಿಗಳನ್ನ ಲೆಕ್ಕಕ್ಕೇ ಹಿಡೀಲಿಲ್ಲ.

ಮಿತಿ ಸಡಿಲ ಮಾಡ್ಬೇಕಾ? ಮಾಡಿ. ಆದ್ರೆ ಅದರ ಲಾಭ ಮುಂದೆ ಬರೋರಿಗೆ ಸಿಗಲಿ, ಈಗ ಕೂತಿರೋರಿಗಲ್ಲ.

ನಮ್ಮ ಸಂಘ, ಸೊಸೈಟಿಗಳ ಅಧ್ಯಕ್ಷರಿಗೂ ಈ ರೂಲ್ ಬೇಕಾ? ನಿಮಗೇನನ್ಸುತ್ತೆ, ಕೆಳಗೆ ಬರೀರಿ.

#ಅಧಿಕಾರ #ಅವಧಿಮಿತಿ #ಬಿಕಾಂಮಾತು